ತಾಲ್ಲೂಕಿನ ಮಳೆಯಿಂದ ಊರಿನ ಮಳೆಗೆ

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ನಡೆದು ಬಂದ ದಾರಿ

ತಾಲ್ಲೂಕು ಕಚೇರಿಯ ಅಂಗಳದಲ್ಲಿ ಮಳೆ ಬಿದ್ದರೆ ತಾಲ್ಲೂಕಿಗೆಲ್ಲ ಮಳೆ ಬಿದ್ದಂತೆ. ಬಹುಕಾಲ ಸರ್ಕಾರದ ಲೆಕ್ಕ ನಡೆದದ್ದು ಹೀಗೆಯೇ. ಕಚೇರಿಯ ಆವರಣದಲ್ಲಿ ಒಂದು ಮಳೆಮಾಪಕ, ಅದಕ್ಕೆ ಐದು ಅಂಗುಲದ ಬಾಯಿ, ಒಳಗೊಂದು ಶೀಶೆ. ಬೆಳಿಗ್ಗೆ ಎಂಟೂವರೆಗೆ ಗುಮಾಸ್ತರೊಬ್ಬರು ಶೀಶೆಯ ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ದಫ್ತರದಲ್ಲಿ ಒಂದು ಅಂಕಿ ಬರೆಯುತ್ತಿದ್ದರು. ಆ ಅಂಕಿ ಜಿಲ್ಲೆಗೆ ಹೋಗಿ, ಜಿಲ್ಲೆಯಿಂದ ರಾಜಧಾನಿಗೆ ಹೋಗಿ, ಸಾವಿರ ಚದರ ಕಿಲೋಮೀಟರಿನ ಹಣೆಬರಹವಾಗುತ್ತಿತ್ತು.

ಊರಿನವರ ಲೆಕ್ಕ ಬೇರೆ. ಅಂಗಳದ ಒರಳಿನಲ್ಲಿ ಎಷ್ಟು ನೀರು ನಿಂತಿದೆ, ಹೊಲದಲ್ಲಿ ಹಸಿ ಎಷ್ಟು ಆಳಕ್ಕೆ ಇಳಿದಿದೆ, ನೇಗಿಲಿಗೆ ಮಣ್ಣು ಮೆತ್ತುತ್ತದೋ ಉದುರುತ್ತದೋ ಎಂದು ನೋಡಿ ಅವರು ಹದ ಮಳೆಯನ್ನು ಗುರುತಿಸುತ್ತಿದ್ದರು. ಎತ್ತಿನ ಒಂದು ಕೊಂಬು ನೆನೆದು ಇನ್ನೊಂದು ನೆನೆಯದಂಥ ಮಳೆ ನಮ್ಮ ಬಯಲುಸೀಮೆಗೆ ಹೊಸದಲ್ಲ. ಕೆರೆಯ ಈಚೆ ದಡದ ರಾಗಿ ತೆನೆಗಟ್ಟಿ ನಿಂತಾಗ ಆಚೆ ದಡದ ರಾಗಿ ಸುರುಟಿಕೊಂಡಿರುವುದೂ ಉಂಟು. ಆಚೆ ದಡದ ರೈತ ತಾಲ್ಲೂಕು ಕಚೇರಿಗೆ ಹೋದರೆ ಸಿಗುತ್ತಿದ್ದ ಉತ್ತರ ಒಂದೇ: ತಾಲ್ಲೂಕಿಗೆ ವಾಡಿಕೆ ಮಳೆಯಾಗಿದೆಯಲ್ಲ. ಅವನ ಒರಳಿಗೆ ಕಚೇರಿಯಲ್ಲಿ ಬೆಲೆಯಿರಲಿಲ್ಲ. ಊರಿನ ಮಳೆ ಊರಿಗೆ ಗೊತ್ತಿತ್ತು, ಸರ್ಕಾರಕ್ಕೆ ಗೊತ್ತಿರಲಿಲ್ಲ.

ಈ ಕೇಂದ್ರದ ಇತಿಹಾಸವನ್ನು ಯಂತ್ರಗಳ ಪಟ್ಟಿಯಾಗಿ ಬರೆಯಬಹುದು, ಆದೇಶಗಳ ಪಟ್ಟಿಯಾಗಿಯೂ ಬರೆಯಬಹುದು. ಆದರೆ ಅದರ ಒಳದಾರ ಇಷ್ಟೇ: ಊರಿನ ತಿಳಿವಳಿಕೆಗೂ ಕಚೇರಿಯ ಅಂಕಿಗೂ ನಡುವೆ ಇದ್ದ ದೂರವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ್ದು. ಎಷ್ಟು ಇಳಿಯಿತು, ಎಷ್ಟು ಉಳಿಯಿತು ಎಂಬುದನ್ನು ಒಟ್ಟಿಗೇ ನೋಡುವುದು ಸಂಸ್ಥೆಗೂ ಒಳ್ಳೆಯದು, ಓದುಗರಿಗೂ ಒಳ್ಳೆಯದು.

ಧಾತು ಈಶ್ವರದ ಪಾಠ

ನಮ್ಮ ಅಜ್ಜಂದಿರ ಅಜ್ಜಂದಿರು ಧಾತು ಮತ್ತು ಈಶ್ವರ ಸಂವತ್ಸರಗಳನ್ನು ಬರದ ಹೆಸರಾಗಿಯೇ ನೆನೆಯುತ್ತಿದ್ದರು. 1876ರಿಂದ 1878ರವರೆಗಿನ ಆ ಕ್ಷಾಮ ಮೈಸೂರು ಸಂಸ್ಥಾನವನ್ನು ಎಷ್ಟರಮಟ್ಟಿಗೆ ಬರಿದು ಮಾಡಿತೆಂಬುದಕ್ಕೆ ಜನಗಣತಿಯ ಎರಡು ಅಂಕಿ ಸಾಕು. 1871ರಲ್ಲಿ ಸಂಸ್ಥಾನದಲ್ಲಿದ್ದವರು ಸುಮಾರು 50 ಲಕ್ಷ. ಹತ್ತು ವರ್ಷದ ಮೇಲೆ ಎಣಿಸಿದಾಗ ಸುಮಾರು 42 ಲಕ್ಷ. ಹೆಚ್ಚಬೇಕಾಗಿದ್ದ ಜನಸಂಖ್ಯೆ ಎಂಟು ಲಕ್ಷಕ್ಕೂ ಮೀರಿ ಕುಸಿದಿತ್ತು.

ಆಗ ಭಾರತ ಹವಾಮಾನ ಇಲಾಖೆಗೆ ಇನ್ನೂ ಹಾಲುಹಲ್ಲು. ಅದು ಹುಟ್ಟಿದ್ದೇ 1875ರಲ್ಲಿ. ಮಳೆ ಕೈಕೊಟ್ಟ ಸುದ್ದಿ ಆಡಳಿತಕ್ಕೆ ತಲುಪುತ್ತಿದ್ದದ್ದು ಸಂತೆಯ ಧಾನ್ಯದ ಬೆಲೆ ಏರಿದಾಗ, ಇಲ್ಲವೇ ಊರು ಬಿಟ್ಟ ಜನ ಪಟ್ಟಣದ ಬೀದಿಗೆ ಬಂದು ಬಿದ್ದಾಗ. ಕ್ಷಾಮದ ನಂತರ ಆಯೋಗ ಕೂತಿತು, 1880ರ ದಶಕದಲ್ಲಿ ಕ್ಷಾಮ ಸಂಹಿತೆಗಳು ಬಂದವು, ಪರಿಹಾರ ಕಾಮಗಾರಿ ಯಾವಾಗ ತೆರೆಯಬೇಕು, ಗಂಜಿ ಯಾರಿಗೆ ಹಾಕಬೇಕು ಎಂಬುದಕ್ಕೆ ನಿಯಮಗಳಾದವು. 1890ರ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಂಶುಪಾಲ ಜಾನ್ ಕುಕ್ ಅವರ ಮೇಲ್ವಿಚಾರಣೆಯಲ್ಲಿ ವೀಕ್ಷಣಾಲಯವೊಂದು ನಡೆಯತೊಡಗಿ, ಸಂಸ್ಥಾನದ ಮಳೆಯ ದಾಖಲೆ ವ್ಯವಸ್ಥಿತವಾಯಿತು. ಈ ಲೇಖನದ ಆರಂಭದಲ್ಲಿ ಬಂದ ಮಳೆಮಾಪಕದ ಕಾಲ ಅದು.

ಅದನ್ನು ಹಗುರವಾಗಿ ಕಾಣುವಂತಿಲ್ಲ. ಇಂದು ನಾವು ವಾಡಿಕೆ ಮಳೆ ಎಂದು ಕರೆಯುವುದು ಅಂಥ ಗುಮಾಸ್ತರು ದಶಕಗಟ್ಟಲೆ ಬರೆದ ಅಂಕಿಗಳ ಸರಾಸರಿ. ಅವರು ಬರೆಯದೇ ಹೋಗಿದ್ದರೆ ಇಂದಿನ ಯಾವ ಯಂತ್ರವೂ ಮಳೆ ಕೊರತೆಯನ್ನು ಹೇಳಲಾಗದು. ಕೊರತೆ ಎನ್ನಬೇಕಾದರೆ ಎಷ್ಟು ಬರಬೇಕಿತ್ತೆಂಬುದು ಮೊದಲು ತಿಳಿದಿರಬೇಕಲ್ಲ.

ಆದರೆ ಆ ವ್ಯವಸ್ಥೆ ಬರವನ್ನು ಕಾಣುತ್ತಿದ್ದದ್ದು ಬೆನ್ನ ಕಡೆಯಿಂದ. ಕೊಯ್ಲಿನ ಹೊತ್ತಿಗೆ ಕಂದಾಯದ ಸಿಬ್ಬಂದಿ ಹೊಲಕ್ಕೆ ಹೋಗಿ, ಹದಿನಾರಾಣೆ ಬೆಳೆಗೆ ಎಷ್ಟಾಣೆ ಬಂದಿದೆ ಎಂದು ಅಂದಾಜು ಮಾಡುವ ಆಣೆವಾರಿ ಪದ್ಧತಿ. ಬರ ಘೋಷಣೆಯಾಗುವ ಹೊತ್ತಿಗೆ ಬಿತ್ತಿದವನು ಬೀಜದ ಸಾಲ, ಗೊಬ್ಬರದ ಸಾಲ ಎರಡನ್ನೂ ಹೊತ್ತಿರುತ್ತಿದ್ದ. ದನ ಸಂತೆಗೆ ಹೋಗಿಯಾಗಿರುತ್ತಿತ್ತು.

1988: ಒಂದು ಕೋಶ

ಕರ್ನಾಟಕವನ್ನು ನದಿಗಳ ನಾಡು, ಮಲೆನಾಡು ಎಂದು ಹಾಡುವ ನಮಗೆ ಒಂದು ಸತ್ಯ ಅಷ್ಟಾಗಿ ರುಚಿಸುವುದಿಲ್ಲ. ಬರಕ್ಕೆ ತುತ್ತಾಗುವ ಭೂಪ್ರದೇಶದ ಲೆಕ್ಕದಲ್ಲಿ ರಾಜಸ್ಥಾನದ ನಂತರದ ಹೆಸರು ನಮ್ಮದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುವ ಮಳೆ, ಘಟ್ಟ ಇಳಿದು ಪೂರ್ವಕ್ಕೆ ಸರಿದಂತೆ ಬತ್ತುತ್ತ ಬತ್ತುತ್ತ ಚಳ್ಳಕೆರೆಯ ಕಡೆ 500ರ ಆಸುಪಾಸಿಗೆ ಇಳಿದಿರುತ್ತದೆ. ಒಂದೇ ರಾಜ್ಯ, ಒಂದೇ ಮುಂಗಾರು. ರಾಜ್ಯದ ಸರಾಸರಿ ಎಂಬ ಅಂಕಿಗೆ ಇಂಥ ನಾಡಿನಲ್ಲಿ ಅರ್ಥವೇ ಇಲ್ಲ.

1980ರ ದಶಕದ ನಡುವಿನಲ್ಲಿ ಬಯಲುಸೀಮೆ ಬರದ ಮೇಲೆ ಬರ ಕಂಡಿತು. 1987ರಲ್ಲಂತೂ ದೇಶವೇ ಬರದಲ್ಲಿತ್ತು. ಅದರ ಮರುವರ್ಷ, 1988ರಲ್ಲಿ, ರಾಜ್ಯ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಆಶ್ರಯದಲ್ಲಿ ಬರ ಉಸ್ತುವಾರಿ ಕೋಶ ಹುಟ್ಟಿಕೊಂಡಿತು. ಬರವನ್ನು ನೋಡುವುದಕ್ಕೆಂದೇ ಒಂದು ರಾಜ್ಯ ಪ್ರತ್ಯೇಕ ಸಂಸ್ಥೆ ಕಟ್ಟಿದ್ದು ದೇಶದಲ್ಲಿ ಅದೇ ಮೊದಲು. ವಿಶ್ವಸಂಸ್ಥೆ 1990ರಿಂದ 1999ರ ಅವಧಿಯನ್ನು ನೈಸರ್ಗಿಕ ವಿಕೋಪಗಳ ತಗ್ಗಿಸುವಿಕೆಯ ದಶಕವೆಂದು ಆಚರಿಸುವುದಕ್ಕೆ ಮೊದಲೇ, ದೇಶದಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬರುವುದಕ್ಕೆ 17 ವರ್ಷ ಮೊದಲೇ, ಬೆಂಗಳೂರಿನಲ್ಲಿ ಈ ಕೆಲಸ ಶುರುವಾಗಿತ್ತು.

ಕೋಶವನ್ನು ಕಂದಾಯ ಇಲಾಖೆಯೊಳಗೆ ಇಡದೆ ವಿಜ್ಞಾನ ಇಲಾಖೆಯ ಕಡೆ ಇಟ್ಟದ್ದು ಸಣ್ಣ ಸಂಗತಿಯಲ್ಲ. ಪರಿಹಾರದ ಹಣ ಹಂಚುವ ಕೈಯೂ ಬರ ಅಳೆಯುವ ಕೈಯೂ ಒಂದೇ ಆದರೆ ಅಳತೆ ಹಣದ ಕಡೆಗೆ ವಾಲುತ್ತದೆ. ಅಳೆಯುವವರು ಬೇರೆಯಾಗಿದ್ದರೆ ಅಂಕಿಗೆ ತನ್ನದೇ ಆದ ಬೆನ್ನೆಲುಬು ಇರುತ್ತದೆ. ಈ ಬೇರ್ಪಡಿಕೆಯೇ ಸಂಸ್ಥೆಯ ಮೊದಲ ಆಸ್ತಿಯಾಗಿತ್ತು.

ಕೋಶದ ಕೆಲಸ ಹೇಳುವುದಕ್ಕೆ ಸರಳ: ಮಳೆ, ಬಿತ್ತನೆ, ಬೆಳೆಯ ಸ್ಥಿತಿ, ಜಲಾಶಯದ ಮಟ್ಟ, ಅಂತರ್ಜಲ ಇವುಗಳನ್ನು ಹಂಗಾಮು ನಡೆಯುತ್ತಿರುವಾಗಲೇ ಒಟ್ಟಿಗೆ ಇಟ್ಟು ನೋಡುವುದು. ಅದುವರೆಗೆ ಮಳೆ ಒಬ್ಬರ ಬಳಿ, ಬಿತ್ತನೆ ಇನ್ನೊಬ್ಬರ ಬಳಿ, ನೀರಿನ ಮಟ್ಟ ಮತ್ತೊಬ್ಬರ ಬಳಿ ಇರುತ್ತಿತ್ತು. ಮೂರೂ ಒಂದೇ ಮೇಜಿನ ಮೇಲೆ ಬರುವುದು ಬೆಳೆ ಒಣಗಿದ ನಂತರ. ಕೋಶ ತಂದ ಮುಖ್ಯ ಬದಲಾವಣೆ ಒಣ ಅವಧಿಯ ಎಣಿಕೆ. ಹಂಗಾಮಿನ ಒಟ್ಟು ಮಳೆ ವಾಡಿಕೆಯಷ್ಟೇ ಇದ್ದರೂ, ಶೇಂಗಾ ಹೂಬಿಟ್ಟು ಊಡು ಇಳಿಸುವ ಮೂರು ವಾರ ಆಕಾಶ ಮುಖ ತಿರುಗಿಸಿದ್ದರೆ ಆ ಬೆಳೆಯ ಕಥೆ ಮುಗಿದಂತೆ. ರೈತನಿಗೆ ಇದು ಹುಟ್ಟಿನಿಂದ ಗೊತ್ತು. ಸರ್ಕಾರಿ ವರದಿಯಲ್ಲಿ ಅದಕ್ಕೊಂದು ಅಂಕಣ ಸಿಕ್ಕಿದ್ದು ತಡವಾಗಿ.

2001ರಿಂದ ಸತತ ಮೂರು ವರ್ಷ ಬಂದ ಬರ ಕೋಶಕ್ಕೆ ನಿಜವಾದ ಪರೀಕ್ಷೆಯಾಯಿತು. ತಾಲ್ಲೂಕು ಮಟ್ಟದ ಅಂಕಿ ಎಷ್ಟು ಒರಟು ಎಂಬುದನ್ನು ಆ ಮೂರು ವರ್ಷ ಎತ್ತಿ ತೋರಿಸಿದವು. ಒಂದು ತಾಲ್ಲೂಕಿನೊಳಗೆ ಒಂದು ಹೋಬಳಿ ಹಸಿರು, ಇನ್ನೊಂದು ಬೂದು. ಪಟ್ಟಿಯಲ್ಲಿ ಎರಡಕ್ಕೂ ಒಂದೇ ಬಣ್ಣ.

ಹೆಸರು ಬೆಳೆದದ್ದು

2005ರ ಡಿಸೆಂಬರಿನಲ್ಲಿ ಸಂಸತ್ತು ವಿಪತ್ತು ನಿರ್ವಹಣಾ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಹಿಂದಿನ ವರ್ಷದ ಸುನಾಮಿ, ಅದಕ್ಕೂ ಮೊದಲು ಒಡಿಶಾದ ಚಂಡಮಾರುತ, ಭುಜ್‌ನ ಭೂಕಂಪ ದೇಶವನ್ನು ಅಲ್ಲಾಡಿಸಿದ್ದವು. ಆದದ್ದಕ್ಕೆ ಪರಿಹಾರ ಕೊಡುವುದೊಂದೇ ಸರ್ಕಾರದ ಕೆಲಸವಲ್ಲ, ಆಗುವುದಕ್ಕೆ ಮುಂಚೆ ತಯಾರಾಗುವುದೂ ಅದರ ಹೊಣೆ ಎಂದು ಕಾನೂನೇ ಹೇಳಿದ್ದು ಆಗ. ಕೇಂದ್ರ, ರಾಜ್ಯ, ಜಿಲ್ಲೆ ಹೀಗೆ ಮೂರು ಹಂತಗಳಲ್ಲಿ ಪ್ರಾಧಿಕಾರಗಳು ಬಂದವು. ಜಿಲ್ಲೆಯಲ್ಲಿ ಹೊಣೆ ಜಿಲ್ಲಾಧಿಕಾರಿಯ ಹೆಗಲಿಗೆ ಬಿತ್ತು.

2007ರಲ್ಲಿ ಬರ ಉಸ್ತುವಾರಿ ಕೋಶ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಬರದ ಜೊತೆಗೆ ನೆರೆ, ಗುಡ್ಡ ಕುಸಿತ, ಸಿಡಿಲು, ಆಲಿಕಲ್ಲು, ಭೂಕಂಪ ಎಲ್ಲವೂ ಅದರ ಕಣ್ಣಳತೆಗೆ ಬಂದವು. ಯಲಹಂಕದ ಆವರಣ ಅದರ ಮನೆ. ಕೋಶದ ದಿನಗಳಿಂದ ಕೇಂದ್ರದ ದಿನಗಳವರೆಗೆ ನಿರ್ದೇಶಕರಾಗಿದ್ದ ಡಾ. ವಿ.ಎಸ್. ಪ್ರಕಾಶ್, ಅವರ ನಂತರ ಬಂದ ಡಾ. ಜಿ.ಎಸ್. ಶ್ರೀನಿವಾಸ ರೆಡ್ಡಿ ಅವರ ಅವಧಿಗಳಲ್ಲಿ ಇಂದು ಕಾಣುವ ಜಾಲ ಹರಡಿಕೊಂಡಿತು.

ಇಲ್ಲಿ ಒಂದು ಗೊಂದಲ ತಿಳಿಯಾಗಬೇಕು. ಹವಾಮಾನ ಇಲಾಖೆ ಇರುವಾಗ ಇದೇಕೆ ಎಂದು ಕೇಳುವವರಿದ್ದಾರೆ. ಹಳದಿ, ಕಿತ್ತಳೆ, ಕೆಂಪು ಎಂದು ಮಳೆಯ ಎಚ್ಚರಿಕೆ ಹೊರಡಿಸುವುದು ಹವಾಮಾನ ಇಲಾಖೆಯ ಅಧಿಕಾರ. ಆ ಎಚ್ಚರಿಕೆ ಜಿಲ್ಲೆಯ ಮಟ್ಟದ್ದು. ಜಿಲ್ಲೆಯೊಳಗೆ ಯಾವ ಹೋಬಳಿಯಲ್ಲಿ ಈಗ ಎಷ್ಟು ಬಿದ್ದಿದೆ, ಯಾವ ಹಳ್ಳದ ಮೇಲ್ಭಾಗದಲ್ಲಿ ಬಿದ್ದಿದೆ, ಯಾವ ಪಂಚಾಯಿತಿಯಲ್ಲಿ ಎಷ್ಟು ದಿನದಿಂದ ಬಿದ್ದಿಲ್ಲ ಎಂದು ಹೇಳುವುದು ಈ ಕೇಂದ್ರದ ಕೆಲಸ. ಒಂದು ಮುಂದೆ ಬರುವುದನ್ನು ಹೇಳುತ್ತದೆ, ಇನ್ನೊಂದು ನೆಲಕ್ಕೆ ಮುಟ್ಟಿದ್ದನ್ನು ಹೇಳುತ್ತದೆ. ಎರಡೂ ಕೂಡಿದಾಗ ತಹಶೀಲ್ದಾರರಿಗೆ ಜೀಪು ಯಾವ ಕಡೆ ತಿರುಗಿಸಬೇಕೆಂದು ತಿಳಿಯುತ್ತದೆ.

ಸೌರ ಫಲಕದ ನೆರಳಲ್ಲಿ

ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡೋಣ. ರಾಜ್ಯದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ತಾಲ್ಲೂಕಿಗೊಂದು ಮಾಪಕವಿದ್ದ ಕಾಲದಲ್ಲಿ ಒಂದೊಂದು ಮಾಪಕ ಸುಮಾರು 1,100 ಚದರ ಕಿಲೋಮೀಟರಿನ ಪರವಾಗಿ ಮಾತಾಡುತ್ತಿತ್ತು. ಕೇಂದ್ರ ಮೊದಲು ಹೋಬಳಿಗೆ ಇಳಿಯಿತು. 747 ಹೋಬಳಿಗಳೆಂದರೆ ಒಂದಕ್ಕೆ ಸುಮಾರು 257 ಚದರ ಕಿಲೋಮೀಟರ್. ಆಮೇಲೆ ಗ್ರಾಮ ಪಂಚಾಯಿತಿಗೆ ಇಳಿಯಿತು. ಇಂದು ಸುಮಾರು 6,500 ಟೆಲಿಮೆಟ್ರಿಕ್ ಮಳೆಮಾಪಕಗಳಿವೆ. ಸರಾಸರಿ 30 ಚದರ ಕಿಲೋಮೀಟರಿಗೆ ಒಂದು. ಇದಲ್ಲದೆ ಗಾಳಿ, ಉಷ್ಣಾಂಶ, ತೇವಾಂಶಗಳನ್ನೂ ಅಳೆಯುವ 900ಕ್ಕೂ ಹೆಚ್ಚು ಹವಾಮಾನ ಕೇಂದ್ರಗಳು ಹೋಬಳಿ ಮಟ್ಟದಲ್ಲಿವೆ.

ಪಂಚಾಯಿತಿ ಕಚೇರಿಯ ಆವರಣದಲ್ಲೋ ಶಾಲೆಯ ಅಂಗಳದಲ್ಲೋ ತಂತಿಬೇಲಿಯೊಳಗೆ ನಿಂತ ಈ ಉಪಕರಣವನ್ನು ನೀವು ನೋಡಿರಬಹುದು. ಮೇಲೊಂದು ಆಲಿಕೆ. ಅದರ ಕೆಳಗೆ ತಕ್ಕಡಿಯ ಹಾಗೆ ಎರಡು ಪುಟ್ಟ ಬುಟ್ಟಿ. ಒಂದು ತುಂಬಿದರೆ ವಾಲಿ ಚೆಲ್ಲುತ್ತದೆ, ಇನ್ನೊಂದು ಮೇಲೆದ್ದು ಬಾಯೊಡ್ಡುತ್ತದೆ. ಎಷ್ಟು ಸಲ ವಾಲಿತು ಎಂಬುದೇ ಮಳೆಯ ಅಳತೆ. ಪಕ್ಕದ ಸೌರ ಫಲಕ ಅದಕ್ಕೆ ಅನ್ನ, ಒಳಗಿನ ಸಿಮ್ ಅದಕ್ಕೆ ನಾಲಿಗೆ. 15 ನಿಮಿಷಕ್ಕೊಮ್ಮೆ ಅಂಕಿ ಯಲಹಂಕ ಸೇರುತ್ತದೆ. ಹಿಂದೆ ದಿನಕ್ಕೊಂದು ಅಂಕಿ, ಈಗ ದಿನಕ್ಕೆ 96.

ಹೆಚ್ಚಿದ ಅಂಕಿಯಿಂದ ಆದದ್ದೇನು? ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ನಾಲ್ಕು ಸಾವಿರ ಲೀಟರ್ ನೀರು. ನೂರು ಮಿಲಿಮೀಟರ್ ಇಡೀ ದಿನ ಸೋನೆಯಾಗಿ ಸುರಿದರೆ ಹೊಲ ಕುಡಿಯುತ್ತದೆ, ಕೆರೆ ತುಂಬುತ್ತದೆ. ಅಷ್ಟೇ ಮಳೆ ಎರಡು ಗಂಟೆಯಲ್ಲಿ ಸುರಿದರೆ ಕೆರೆ ಏರಿ ಒಡೆಯುತ್ತದೆ. ಬೆಳಿಗ್ಗೆ ಎಂಟೂವರೆಯ ಗಾಜಿನ ಲೋಟಕ್ಕೆ ಎರಡೂ ಒಂದೇ ಅಂಕಿ. ಕೇಂದ್ರದ ಪರದೆಯ ಮೇಲೆ ಅವು ಎರಡು ಬೇರೆ ಘಟನೆಗಳು.

ಫೋನಿನ ಆ ತುದಿ

ಅಂಕಿ ಬೆಂಗಳೂರಿಗೆ ಬಂದರೆ ಅರ್ಧ ಕೆಲಸ. ಅದು ಮತ್ತೆ ಊರಿಗೆ ಹೋಗಬೇಕು. ಇದಕ್ಕಾಗಿ ಕೇಂದ್ರ ಕಟ್ಟಿದ ವ್ಯವಸ್ಥೆಗಳಲ್ಲಿ ಹಳ್ಳಿಯ ಕಡೆ ಹೆಚ್ಚು ಹೆಸರು ಮಾಡಿದ್ದು ವರುಣಮಿತ್ರ ಸಹಾಯವಾಣಿ. ದಿನದ 24 ಗಂಟೆ ಯಾರು ಬೇಕಾದರೂ ಕರೆ ಮಾಡಿ ತಮ್ಮ ಭಾಗದ ಮಳೆಯ ಮುನ್ಸೂಚನೆ ಕೇಳಬಹುದು.

ಅದಕ್ಕೆ ಬರುವಂಥ ಪ್ರಶ್ನೆಗಳನ್ನು ಊಹಿಸುವುದು ಕಷ್ಟವಲ್ಲ. ಇವತ್ತು ದ್ರಾಕ್ಷಿಗೆ ಔಷಧಿ ಹೊಡೆದರೆ ಸಂಜೆ ಮಳೆ ತೊಳೆದುಬಿಡುತ್ತದೆಯೆ? ಕೊಯ್ದ ರಾಗಿ ಕಣದಲ್ಲಿದೆ, ಬಣವೆ ಹಾಕಲೆ? ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸಲು ಎರಡು ದಿನ ಬಿಡುವು ಸಿಕ್ಕೀತೆ? ವಿಕೋಪ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಕೊಚ್ಚಿಹೋದ ಸೇತುವೆ, ಹೆಲಿಕಾಪ್ಟರು. ಆದರೆ ಒಂದು ಕುಟುಂಬವನ್ನು ಸಾಲಕ್ಕೆ ದೂಡುವುದು ಎಷ್ಟೋ ಸಲ ಇಂಥ ಒಂದು ಸಂಜೆಯ ಮಳೆ. ಔಷಧಿಯ ಹಣ ಉಳಿಸಿದ ಫೋನ್ ಕರೆಯೂ ಅಪಾಯ ತಗ್ಗಿಸಿದಂತೆಯೇ. ಅದು ಪತ್ರಿಕೆಯಲ್ಲಿ ಸುದ್ದಿಯಾಗುವುದಿಲ್ಲ ಅಷ್ಟೇ.

ಮುಂಗಾರುಪೂರ್ವದ ಏಪ್ರಿಲ್, ಮೇ ತಿಂಗಳಲ್ಲಿ ಹೊಲದ ನಡುವೆ, ಮರದ ಕೆಳಗೆ, ಕುರಿ ಮೇಯಿಸುವಾಗ ಸಿಡಿಲಿಗೆ ಜೀವ ಹೋಗುವುದು ಉತ್ತರ ಕರ್ನಾಟಕದಲ್ಲಿ ಪ್ರತಿ ವರ್ಷದ ಸಂಗತಿ. ಇದಕ್ಕಾಗಿ ಕೇಂದ್ರ ಸಿಡಿಲು ಎಂಬ ಹೆಸರಿನದೇ ಮೊಬೈಲ್ ಆ್ಯಪ್ ತಂದಿತು. ಬೆಂಗಳೂರಿಗೆ ಮೇಘಸಂದೇಶ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ಜೊತೆ ಸೇರಿ ನಗರದ ಮಳೆಯೂ ರಾಜಕಾಲುವೆಯ ಮಟ್ಟವೂ ಯಾವ ಬಡಾವಣೆಗೆ ನೀರು ನುಗ್ಗಿಸಬಹುದೆಂದು ಮೊದಲೇ ಅಂದಾಜಿಸುವ ಪ್ರಯತ್ನ ಅದು.

ಎಚ್ಚರಿಕೆ ಕೊಡುವುದೊಂದೇ ಅಲ್ಲ, ಭಯ ಇಳಿಸುವುದೂ ಈ ಕೇಂದ್ರದ ಕೆಲಸವೆಂದು ತೋರಿಸಿದ್ದು ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ. 2021ರ ಅಕ್ಟೋಬರಿನಲ್ಲಿ ಅಲ್ಲಿ ನೆಲದೊಳಗಿಂದ ಸದ್ದು, ಮೇಲಿಂದ ಮೇಲೆ ಕಂಪನ. 1993ರ ಕಿಲ್ಲಾರಿ ಭೂಕಂಪದ ನೆನಪು ಆ ಸೀಮೆಯಲ್ಲಿ ಇನ್ನೂ ಹಸಿಯಾಗಿದೆ. ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದರು. ಅಂಥ ಹೊತ್ತಿನಲ್ಲಿ ಕಂಪನದ ಕೇಂದ್ರ ಎಲ್ಲಿ, ತೀವ್ರತೆ ಎಷ್ಟು ಎಂದು ಅಳೆದು ಹೇಳುವ ದನಿ ಇಲ್ಲದಿದ್ದರೆ ಗಾಳಿಸುದ್ದಿಗೆ ಊರು ತೆತ್ತುಕೊಳ್ಳಬೇಕಾಗುತ್ತದೆ.

ಎರಡು ಏಟು

ಸಂಸ್ಥೆಯೊಂದರ ಇತಿಹಾಸ ಹೇಳುವಾಗ ಸೋಲಿನ ಮಾತೆತ್ತುವುದು ಶಿಷ್ಟಾಚಾರವಲ್ಲ. ಆದರೆ ವಿಕೋಪದ ಸಂಸ್ಥೆ ಕಲಿಯುವುದು ಅಲ್ಲಿಂದಲೇ.

2009 ದೇಶದಾದ್ಯಂತ ಮುಂಗಾರು ಸೊರಗಿದ ವರ್ಷ. ಉತ್ತರ ಕರ್ನಾಟಕ ಮೋಡ ನೋಡುತ್ತ ಕೂತಿತ್ತು. ಸೆಪ್ಟೆಂಬರಿನ ಕೊನೆ ಮತ್ತು ಅಕ್ಟೋಬರಿನ ಮೊದಲ ದಿನಗಳಲ್ಲಿ ಆ ಒಣ ನೆಲದ ಮೇಲೆಯೇ ಮೋಡ ಕಳಚಿ ಬಿತ್ತು. ಬಾಗಲಕೋಟೆ, ವಿಜಯಪುರ, ರಾಯಚೂರು, ಕೊಪ್ಪಳ, ಗದಗ, ಬಳ್ಳಾರಿಯ ಹಳ್ಳಿಗಳಲ್ಲಿ ಮಣ್ಣಿನ ಮೇಲ್ಮುದ್ದೆಯ ಮನೆಗಳು ನೀರು ಕುಡಿದು, ಭಾರಕ್ಕೆ ಒಳಗಿದ್ದವರ ಮೇಲೆಯೇ ಕುಸಿದವು. 200ಕ್ಕೂ ಹೆಚ್ಚು ಜೀವ ಹೋಯಿತು. ತುಂಗಭದ್ರೆ ಮಂತ್ರಾಲಯವನ್ನೂ ಕರ್ನೂಲನ್ನೂ ಮುಳುಗಿಸಿದಳು. ಬರ ನಾಡೆಂದು ಬರೆದಿಟ್ಟ ಕಡೆಯೇ ನೆರೆ ಬರಬಹುದೆಂಬುದು ಆಗಿನ ಪಾಠ. ಕಾಯುವ ಕಣ್ಣು ಒಂದೇ ದಿಕ್ಕಿಗೆ ನೋಡುತ್ತಿದ್ದರೆ ಸಾಲದು. ಆಸರೆ ಯೋಜನೆಯಲ್ಲಿ ಹೊಸ ಮನೆ, ಹೊಸ ಊರು ಎದ್ದವು. ಹಲವರು ಹೊಲ, ಕಣ, ದನದ ಕೊಟ್ಟಿಗೆಯಿಂದ ದೂರವಾದ ಆ ಮನೆಗಳಿಗೆ ಹೋಗಲು ಹಿಂಜರಿದರು. ಮನೆ ಎಂದರೆ ನಾಲ್ಕು ಗೋಡೆಯಷ್ಟೇ ಅಲ್ಲ ಎಂಬುದು ಅದೇ ವರ್ಷದ ಎರಡನೇ ಪಾಠ.

ಇನ್ನೊಂದು ಏಟು ಕೊಡಗಿನದು. 2018ರ ಆಗಸ್ಟ್ ಮಧ್ಯದಲ್ಲಿ ಮಡಿಕೇರಿ ಸುತ್ತಲಿನ ಗುಡ್ಡಗಳು ಜಾರಿದವು. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಮೊಣ್ಣಂಗೇರಿ ಈ ಹೆಸರುಗಳನ್ನು ರಾಜ್ಯ ಕಲಿತದ್ದು ಆ ವಾರ. ತೋಟ, ಗದ್ದೆ, ಮನೆ ಎಲ್ಲವೂ ಕೆಸರಿನ ಪ್ರವಾಹವಾಗಿ ಕಣಿವೆಗೆ ಇಳಿದವು. ಸೋಜಿಗವೆಂದರೆ ಅದೇ ಹಂಗಾಮಿನಲ್ಲಿ ಸರ್ಕಾರ ರಾಜ್ಯದ 100 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಒಂದೇ ಪರದೆಯ ನೈಋತ್ಯ ಮೂಲೆ ಕಡುನೀಲಿ, ಉಳಿದ ಅರ್ಧ ಕೆಂಪು.

ಕೊಡಗಿನಲ್ಲಿ ಮಳೆಯ ಅಂಕಿಗೆ ಕೊರತೆಯಿರಲಿಲ್ಲ. ಆದರೆ ಗುಡ್ಡ ಜಾರುವುದು ಮಳೆಯೊಂದರಿಂದಲೇ ಅಲ್ಲ. ಇಳಿಜಾರಿನ ಬುಡವನ್ನು ನೆಟ್ಟಗೆ ಕತ್ತರಿಸಿ ರಸ್ತೆ ಮಾಡಿದ್ದು, ಮನೆಗೆ, ಹೋಂಸ್ಟೇಗೆ ಗುಡ್ಡವನ್ನು ಮಟ್ಟ ಮಾಡಿದ್ದು, ನೀರು ಇಳಿಯುವ ಸಹಜ ದಾರಿ ಮುಚ್ಚಿದ್ದು ಇವೆಲ್ಲ ವರ್ಷಗಟ್ಟಲೆ ಕೂಡಿಟ್ಟ ಸಾಲ. ಮಳೆ ಬಂದು ವಸೂಲಿ ಮಾಡಿತು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬೆಟ್ಟ, 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಅದೇ ಮಾತನ್ನು ಮತ್ತೆ ಹೇಳಿದವು. ಮಳೆಮಾಪಕ ಆಕಾಶವನ್ನು ಅಳೆಯುತ್ತದೆ. ಜೆಸಿಬಿ ಎಷ್ಟು ಮಣ್ಣು ತೆಗೆದಿದೆ ಎಂಬುದನ್ನು ಅಳೆಯಲು ಅದಕ್ಕೆ ಬಾರದು. ಆ ಲೆಕ್ಕ ಪಂಚಾಯಿತಿಯ ಪರವಾನಗಿ ಪುಸ್ತಕದಲ್ಲಿ ಇರಬೇಕಾದದ್ದು.

ಅಂಕಿಗೆ ಬಂದ ತೂಕ

ಕೇಂದ್ರದ ಅಂಕಿ ಈಗ ವರದಿಯ ಅಲಂಕಾರವಲ್ಲ. ಅದರ ಮೇಲೆ ಹಣ ನಿಂತಿದೆ.

ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿ ಬರ ಘೋಷಣೆಗೆ ಹೊಸ ದಾರಿ ಹಾಕಿತು. ಮಳೆಯ ಕೊರತೆ ಮತ್ತು ಒಣ ಅವಧಿ ಮೊದಲ ಮೆಟ್ಟಿಲು. ಉಪಗ್ರಹ ಕಂಡ ಬೆಳೆಯ ಹಸಿರು, ಮಣ್ಣಿನ ತೇವ, ಬಿತ್ತನೆಯ ಪ್ರಮಾಣ, ನೀರಿನ ಮಟ್ಟ ಎರಡನೆಯದು. ಕೊನೆಗೆ ಶೇ 10ರಷ್ಟು ಹಳ್ಳಿಗಳಿಗೆ ಹೋಗಿ ಹೊಲ ನೋಡಿ ಬರಬೇಕು. ಆಣೆವಾರಿಯ ಕಾಲದಲ್ಲಿ ಕಣ್ಣಳತೆ ಮೊದಲು, ಅಂಕಿ ಆಮೇಲೆ. ಈಗ ಅಂಕಿ ಮೊದಲು, ಕಣ್ಣು ಅದಕ್ಕೆ ಸಾಕ್ಷಿ.

2023ರ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಪರಿಹಾರದ ಮೊತ್ತದ ಬಗ್ಗೆ ರಾಜ್ಯಕ್ಕೂ ಕೇಂದ್ರ ಸರ್ಕಾರಕ್ಕೂ ಜಟಾಪಟಿ ನಡೆದು, 2024ರ ಮಾರ್ಚಿನಲ್ಲಿ ಮಾತು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಯಾರು ಸರಿ ಎಂಬ ಚರ್ಚೆ ಈ ಲೇಖನದ ವ್ಯಾಪ್ತಿಗೆ ಹೊರತು. ಗಮನಿಸಬೇಕಾದದ್ದು ಒಂದು: ಬರ ಈಗ ಗೋಳಿನ ಮಾತಾಗಿ ಉಳಿದಿಲ್ಲ, ದಾಖಲೆಯ ಮಾತಾಗಿದೆ.

ಬೆಳೆ ವಿಮೆಯಲ್ಲಂತೂ ಈ ತೂಕ ನೇರವಾಗಿ ರೈತನ ಪಾಸ್‌ಬುಕ್ಕಿಗೆ ತಾಗುತ್ತದೆ. ಅಡಿಕೆ, ಕಾಳುಮೆಣಸು, ಮಾವು, ದ್ರಾಕ್ಷಿಯಂಥ ತೋಟದ ಬೆಳೆಗಳಿಗೆ ಹವಾಮಾನ ಆಧಾರಿತ ವಿಮೆಯಿದೆ. ಅಲ್ಲಿ ಯಾರೂ ತೋಟಕ್ಕೆ ಬಂದು ಹಾನಿ ನೋಡುವುದಿಲ್ಲ. ಮಾಪಕ ಹೇಳಿದ ಮಳೆ ನಿಗದಿತ ಗಡಿ ದಾಟಿದೆಯೇ ಎಂಬುದಷ್ಟೇ ಪ್ರಶ್ನೆ. ಆದ್ದರಿಂದಲೇ ಮಾಪಕ ಕೆಟ್ಟು ನಿಂತರೆ ನಮ್ಮ ವಿಮೆ ಹೋಯಿತು ಎಂಬ ದೂರು ಮಲೆನಾಡಿನ ಅಡಿಕೆ ಬೆಳೆಗಾರರಿಂದ ಬಂದಿದೆ. ದೂರು ನ್ಯಾಯವಾದದ್ದು. ಹಿಂದೆ ಮಾಪಕವೇ ಇಲ್ಲ ಎಂದು ರೈತ ನಷ್ಟ ಅನುಭವಿಸುತ್ತಿದ್ದ. ಈಗ ಇರುವ ಮಾಪಕ ಕೆಡದಂತೆ ನೋಡಿಕೊಳ್ಳುವ ಹೊಣೆ ಸಂಸ್ಥೆಗೆ ಬಂದಿದೆ. 6,500 ಉಪಕರಣ ನೆಡುವುದು ಒಂದು ಸಲದ ಸಾಹಸ. ಅವನ್ನು ವರ್ಷದ 365 ದಿನ ಮಾತಾಡುವಂತೆ ಇಟ್ಟುಕೊಳ್ಳುವುದು ಮುಗಿಯದ ಸಂಸಾರ.

ಉಳಿದ ದೂರ

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತ ಜನ ಟ್ರ್ಯಾಕ್ಟರ್ ಏರಿ, ದೋಣಿ ಹತ್ತಿ ಮನೆಯಿಂದ ಹೊರಬಂದರು. ನಗರದಲ್ಲಿ ಮಾಪಕಗಳಿಗೆ ಬರವಿಲ್ಲ, ಆ್ಯಪ್‌ಗಳಿಗೂ ಬರವಿಲ್ಲ. ಬರ ಇದ್ದದ್ದು ನೀರು ಹರಿಯುವ ಜಾಗಕ್ಕೆ. ಕೆರೆಯಿಂದ ಕೆರೆಗೆ ಕೋಡಿ ಹರಿಯುತ್ತಿದ್ದ ದಾರಿಯಲ್ಲಿ ಮನೆ ಕಟ್ಟಿದ ಮೇಲೆ ಮುನ್ಸೂಚನೆ ಹೇಳಬಹುದಾದದ್ದು ಇಷ್ಟೇ: ಸಾಮಾನು ಮಹಡಿಗೆ ಸಾಗಿಸಿ.

2015ರಲ್ಲಿ ಜಪಾನಿನ ಸೆಂಡಾಯಿಯಲ್ಲಿ ಜಗತ್ತಿನ ದೇಶಗಳು ಒಪ್ಪಿಕೊಂಡ ಚೌಕಟ್ಟಿನ ಮೊದಲ ಆದ್ಯತೆ ಅಪಾಯವನ್ನು ಅರಿಯುವುದು. ಆ ಒಂದರಲ್ಲಿ ಈ ಕೇಂದ್ರ ಬಹು ದೂರ ಬಂದಿದೆ. ಅರಿತದ್ದನ್ನು ಆಡಳಿತಕ್ಕೆ ಇಳಿಸುವುದು, ಅದಕ್ಕೆ ಹಣ ತೊಡಗಿಸುವುದು, ಮೊದಲೇ ಸಜ್ಜಾಗುವುದು ಉಳಿದವು. ಅವು ಒಂದು ಸಂಸ್ಥೆಯ ಕೈಯಲ್ಲಿಲ್ಲ. ಜಿಲ್ಲಾಧಿಕಾರಿ, ತಹಶೀಲ್ದಾರ್, ಗ್ರಾಮ ಆಡಳಿತಾಧಿಕಾರಿ, ಪಿಡಿಒ, ಶಾಲೆಯ ಮುಖ್ಯೋಪಾಧ್ಯಾಯರು ಈ ಸರಪಣಿಯ ಕೊಂಡಿಗಳು. ನೆರೆ ಬಂದಾಗ ತೆರೆಯುತ್ತಿದ್ದ ಗಂಜಿ ಕೇಂದ್ರಕ್ಕೆ ಈಗ ಕಾಳಜಿ ಕೇಂದ್ರ ಎಂಬ ಹೆಸರು ಬಂದಿದೆ. ಹೆಸರು ಒಳ್ಳೆಯದೇ. ಆದರೆ ಅಲ್ಲಿಗೆ ಜನ ಯಾವಾಗ ಬರುತ್ತಾರೆ ಎಂಬುದು ಮುಖ್ಯ. ಮೊಣಕಾಲುದ್ದ ನೀರು ಬಂದ ಮೇಲೆ ಬಂದರೆ ಅದು ಪರಿಹಾರ. ನೀರು ಬರುವ ಹಿಂದಿನ ಸಂಜೆ ಬಂದರೆ ಅದು ಮುನ್ನೆಚ್ಚರಿಕೆ. ದನಗಳನ್ನೂ ಕರೆತರಬಹುದು ಎಂದರೆ ಬರುತ್ತಾರೆ, ಬಿಟ್ಟು ಬನ್ನಿ ಎಂದರೆ ಬರುವುದಿಲ್ಲ. ಇದನ್ನು ಯಾವ ಉಪಗ್ರಹವೂ ಹೇಳಿಕೊಡಲಾರದು. ಊರನ್ನು ಬಲ್ಲವರೇ ಹೇಳಬೇಕು.

ಹೀಗೆ ಸಾವಿರದ ನೂರರಿಂದ ಇನ್ನೂರ ಐವತ್ತಕ್ಕೆ, ಅಲ್ಲಿಂದ ಮೂವತ್ತು ಚದರ ಕಿಲೋಮೀಟರಿಗೆ ಇಳಿದ ಅಳತೆ ಇನ್ನೆಷ್ಟು ಇಳಿಯಬಲ್ಲದು? ಮೂವತ್ತರೊಳಗೂ ಒಂದು ಕೊಂಬು ನೆನೆದು ಇನ್ನೊಂದು ನೆನೆಯದ ಮಳೆ ಬೀಳುತ್ತದೆ. ಉಳಿದ ದೂರವನ್ನು ಇನ್ನಷ್ಟು ಮಾಪಕ ನೆಟ್ಟು ಮುಗಿಸಲಾಗದು. ಒರಳು ನೋಡಿ ಮಳೆ ಹೇಳುತ್ತಿದ್ದವರು ಇನ್ನೂ ಊರಲ್ಲಿದ್ದಾರೆ. ಪಂಚಾಯಿತಿಯ ಸಭೆಯಲ್ಲಿ ಮಾಪಕದ ಅಂಕಿಯನ್ನು ಓದಿ ಹೇಳಿದರೆ, ನಮ್ಮ ಹಳ್ಳದ ಕಡೆ ಹಾಗಲ್ಲ ಎಂದು ಯಾರಾದರೂ ಎದ್ದು ನಿಲ್ಲುತ್ತಾರೆ. ಆ ಎದ್ದು ನಿಂತವರ ಮಾತನ್ನೂ ಬರೆದುಕೊಳ್ಳುವ ಅಂಕಣವೊಂದು ವರದಿಯಲ್ಲಿ ಬೇಕು.

ಮುಂಗಾರಿಗೆ ಇನ್ನು ಹದಿನೈದು ದಿನವಿದೆ ಎನ್ನುವಾಗ ಪಂಚಾಯಿತಿ ಆವರಣದ ಆ ಉಪಕರಣದ ಬಳಿ ಹೋಗಿ ನೋಡಿ. ಆಲಿಕೆಯಲ್ಲಿ ಹೊಂಗೆಯ ಎಲೆ ಬಿದ್ದಿರಬಹುದು, ಜೇಡ ಬಲೆ ನೇಯ್ದಿರಬಹುದು, ಸೌರ ಫಲಕದ ಮೇಲೆ ಬೇಸಿಗೆಯ ಧೂಳು ಕೂತಿರಬಹುದು. ಎಲೆ ಸಿಕ್ಕಿಕೊಂಡರೆ ಆ ಊರಿಗೆ ಮಳೆಯೇ ಬರಲಿಲ್ಲ ಎಂದು ಯಲಹಂಕಕ್ಕೆ ಸುದ್ದಿ ಹೋಗುತ್ತದೆ. ಅದನ್ನು ತೆಗೆಯಲು ಬೆಂಗಳೂರಿನಿಂದ ಯಾರಾದರೂ ಬರಲಿ ಎಂದು ಕಾಯುವ ಊರಿದೆ. ನಮ್ಮ ಮಳೆ ಎಂದು ಕೈ ಚಾಚಿ ತೆಗೆದುಹಾಕುವ ಊರೂ ಇದೆ.